ಮಂಜುಗಡ್ಡೆಯ ಕೆಳಗಿನ ಉಬ್ಬರವಿಳಿತ: ಆರ್ಕ್ಟಿಕ್ ಸಾಗರತಳದಲ್ಲಿ ಒತ್ತಡಮಾಪಕಗಳ ಕಾವಲು

ಸಮುದ್ರದ ಉಬ್ಬರವಿಳಿತವನ್ನು ತಿಳಿಯಲು ಬಂದರಿನ ಗೋಡೆಗೊಂದು ಅಳತೆಪಟ್ಟಿ ಬಡಿದರೆ ಸಾಕು ಎಂಬುದು ಬೆಚ್ಚನೆಯ ಕರಾವಳಿಗಳ ಅನುಭವ. ಉತ್ತರ ಧ್ರುವವನ್ನು ಬಳಸಿ ನಿಂತಿರುವ ಆರ್ಕ್ಟಿಕ್ ಸಾಗರದಲ್ಲಿ ಈ ಮಾತು ನಡೆಯುವುದಿಲ್ಲ. ಅಲ್ಲಿನ ಬಹುತೇಕ ತೀರಗಳಲ್ಲಿ ವರ್ಷದ ಹೆಚ್ಚಿನ ತಿಂಗಳು ನೀರಿನ ಮೇಲೆ ಮಂಜುಗಡ್ಡೆ ಹಾಸಿಕೊಂಡಿರುತ್ತದೆ. ದಡಕ್ಕೆ ನೆಟ್ಟ ಅಳತೆಗೋಲನ್ನು ಆ ಮಂಜುಗಡ್ಡೆ ಕಿತ್ತೆಸೆಯುತ್ತದೆ. ತೇಲುಗುಂಡು ಇಳಿಬಿಟ್ಟ ಕೊಳವೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ನೂರಾರು ಕಿಲೋಮೀಟರ್ ದೂರದವರೆಗೆ ಮನುಷ್ಯವಾಸವೇ ಇಲ್ಲದ ಕಡೆ ಮಾಪಕವನ್ನು ನೋಡಿಕೊಳ್ಳುವವರೂ ಸಿಗುವುದಿಲ್ಲ.

ಈ ಕಾರಣದಿಂದಲೇ ಆರ್ಕ್ಟಿಕ್‌ನ ಉಬ್ಬರವಿಳಿತವನ್ನು ಅಳೆಯುವ ಉಪಕರಣ ಇಂದು ನೀರಿನ ಮೇಲೆ ಇರದೆ ಸಾಗರದ ತಳದಲ್ಲಿ ಕುಳಿತಿರುತ್ತದೆ. ತನ್ನ ಮೇಲೆ ನಿಂತ ನೀರಿನ ಭಾರವನ್ನು ಕೆಲವು ನಿಮಿಷಗಳಿಗೊಮ್ಮೆ ದಾಖಲಿಸುವ ಈ ಒತ್ತಡಮಾಪಕಕ್ಕೆ ಮೇಲ್ಮೈಯಲ್ಲಿ ಏನು ನಡೆಯುತ್ತಿದೆ ಎಂಬುದು ಕಾಣಬೇಕಿಲ್ಲ. ಭಾರ ಹೆಚ್ಚಿದರೆ ಉಬ್ಬರ, ಕಡಿಮೆಯಾದರೆ ಇಳಿತ.

ಇದು ಪ್ರಯೋಗಾಲಯದ ಕುತೂಹಲಕ್ಕೆ ಸೀಮಿತವಾದ ವಿಷಯವಲ್ಲ. 2023ರ ಸೆಪ್ಟೆಂಬರ್ 11ರಂದು 206 ಜನರಿದ್ದ 'ಓಷನ್ ಎಕ್ಸ್‌ಪ್ಲೋರರ್' ಎಂಬ ಪ್ರವಾಸಿ ಹಡಗು ಈಶಾನ್ಯ ಗ್ರೀನ್‌ಲ್ಯಾಂಡಿನ ಆಲ್ಪೆಫ್ಯೋರ್ಡ್ ಎಂಬ ಕಡಲಚಾಚಿನಲ್ಲಿ ತಳಕ್ಕೆ ತಾಗಿ ಸಿಕ್ಕಿಕೊಂಡಿತು. ಉಬ್ಬರದ ವೇಳೆ ನೀರಿನ ಏರಿಕೆಯನ್ನು ಬಳಸಿ ತೇಲಿಸುವ ಮೊದಲ ಪ್ರಯತ್ನಗಳು ವಿಫಲವಾದವು. ಕೊನೆಗೆ 14ರಂದು 'ತರಾಜೋಕ್' ಎಂಬ ಮೀನುಗಾರಿಕಾ ಸಂಶೋಧನಾ ನೌಕೆ ಅದನ್ನು ಎಳೆದು ಬಿಡಿಸಿತು. ಯಾರಿಗೂ ಜೀವಾಪಾಯವಾಗಲಿಲ್ಲ. ಆದರೆ ಸಹಾಯ ತಲುಪಲು ದಿನಗಳೇ ಬೇಕಾಗುವ ನೀರಿನಲ್ಲಿ, ಉಬ್ಬರ ಯಾವಾಗ ಬರುತ್ತದೆ, ಎಷ್ಟು ಏರುತ್ತದೆ ಎಂಬ ಲೆಕ್ಕಕ್ಕೆ ಎಂಥ ಬೆಲೆ ಇದೆ ಎಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

ಧ್ರುವಕ್ಕೆ ಹೊರಗಿನಿಂದ ಬರುವ ಉಬ್ಬರ

ಚಂದ್ರ ಮತ್ತು ಸೂರ್ಯರ ಗುರುತ್ವಾಕರ್ಷಣೆಯಿಂದ ಉಬ್ಬರವಿಳಿತ ಉಂಟಾಗುತ್ತದೆ ಎಂಬುದು ಶಾಲೆಯ ಪಾಠ. ಆದರೆ ಭೂಮಿಯ ಎಲ್ಲ ಕಡೆಗಳಲ್ಲಿ ಈ ಬಲ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಉಳಿದೆಡೆ ಚಂದ್ರ ದಿನವೂ ಮೂಡುತ್ತಾನೆ, ನೆತ್ತಿಯತ್ತ ಏರುತ್ತಾನೆ, ಮುಳುಗುತ್ತಾನೆ. ಧ್ರುವದಲ್ಲಿ ನಿಂತು ನೋಡುವವನಿಗೆ ಅವನು ದಿನವಿಡೀ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸುತ್ತು ಹಾಕುತ್ತಾನೆ. ಆದ್ದರಿಂದ ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ನೀರನ್ನು ಏರಿಸಿ ಇಳಿಸುವ ಚಂದ್ರಬಲ ಧ್ರುವಬಿಂದುವಿನಲ್ಲಿ ಶೂನ್ಯ.

ಹಾಗಿದ್ದರೂ ಆರ್ಕ್ಟಿಕ್‌ನಲ್ಲಿ ಉಬ್ಬರವಿಳಿತ ಇದೆ. ಅದರ ಹೆಚ್ಚಿನ ಪಾಲು ಅಟ್ಲಾಂಟಿಕ್ ಸಾಗರದಿಂದ ಒಳನುಗ್ಗುವ ಅಲೆ. ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್ಬಾರ್ಡ್ ನಡುವಿನ ಫ್ರಾಮ್ ಜಲಸಂಧಿಯೇ ಮೊದಲಾದ ದಾರಿಗಳಿಂದ ಪ್ರವೇಶಿಸುವ ಈ ಅಲೆ ಆಳವಾದ ಮಧ್ಯಸಾಗರವನ್ನು ದಾಟಿ ಸೈಬೀರಿಯ, ಅಲಾಸ್ಕ, ಕೆನಡಾಗಳ ತೀರ ತಲುಪುತ್ತದೆ. ದಾರಿಯಲ್ಲಿ ಎದುರಾಗುವ ಕೊಲ್ಲಿಯ ಆಕಾರ, ನೀರಿನ ಆಳ ಮತ್ತು ಮಂಜುಗಡ್ಡೆಯ ಘರ್ಷಣೆಗೆ ಅನುಗುಣವಾಗಿ ಅದು ಕೆಲವೆಡೆ ಬೃಹತ್ತಾಗಿ ಬೆಳೆಯುತ್ತದೆ, ಕೆಲವೆಡೆ ಕಾಣದಷ್ಟು ಕ್ಷೀಣಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ:

- ಕೆನಡಾದ ಉಂಗಾವಾ ಕೊಲ್ಲಿಯ ಲೀಫ್ ಬೇಸಿನ್: ದೊಡ್ಡ ಉಬ್ಬರದ ದಿನಗಳಲ್ಲಿ 16 ಮೀಟರ್‌ಗೂ ಹೆಚ್ಚು. ಜಗತ್ತಿನ ಅತಿ ದೊಡ್ಡ ಉಬ್ಬರಗಳಲ್ಲಿ ಇದೂ ಒಂದು.
- ನುನಾವುಟ್ ಪ್ರಾಂತದ ರಾಜಧಾನಿ ಇಕಾಲುಯಿಟ್: ಸುಮಾರು 11 ಮೀಟರ್.
- ಧ್ರುವದಿಂದ ಸುಮಾರು 817 ಕಿ.ಮೀ. ದೂರದ ಅಲರ್ಟ್ ನೆಲೆ: 1 ಮೀಟರ್‌ಗಿಂತ ಕಡಿಮೆ.
- ಕೆನಡಾದ ವಾಯವ್ಯ ತೀರದ ಟುಕ್ಟೊಯಾಕ್ಟುಕ್: ಅರ್ಧ ಮೀಟರ್‌ನ ಆಸುಪಾಸು.
- ಅಲಾಸ್ಕದ ಪಾಯಿಂಟ್ ಬ್ಯಾರೊ: ಒಂದು ಗೇಣಿಗಿಂತಲೂ ಕಡಿಮೆ.

ಉಂಗಾವಾ ಪ್ರದೇಶದ ಕಾಂಗಿಕ್ಸುಜುವಾಕ್ ಹಳ್ಳಿಯ ಇನ್ಯುಯಿಟ್ ಜನರು ಈ ಏರಿಳಿತವನ್ನು ಬದುಕಿಗೆ ಬಳಸಿಕೊಂಡಿದ್ದಾರೆ. ಕಡು ಚಳಿಗಾಲದಲ್ಲಿ, ಅಮಾವಾಸ್ಯೆ-ಹುಣ್ಣಿಮೆಗಳ ದೊಡ್ಡ ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಮೇಲಿನ ಮಂಜುಗಡ್ಡೆ ಚಾವಣಿಯಂತೆ ಉಳಿಯುತ್ತದೆ. ಅದಕ್ಕೊಂದು ರಂಧ್ರ ಕೊರೆದು ಕೆಳಗಿಳಿದು ಬರಿದಾದ ಕಡಲತಳದಿಂದ ಚಿಪ್ಪುಜೀವಿಗಳನ್ನು ಆರಿಸಿಕೊಳ್ಳುತ್ತಾರೆ. ನೀರು ಮರಳುವ ಮುನ್ನ ಸಿಗುವುದು ಅಲ್ಪ ಸಮಯ. ಲೆಕ್ಕ ತಪ್ಪಿದರೆ ಮೇಲೆ ಬರುವ ದಾರಿ ಇಲ್ಲ.

ಇಲ್ಲದ ನೆಲವನ್ನು ಕಂಡ ಗಣಿತ

ಆರ್ಕ್ಟಿಕ್‌ನಲ್ಲಿ ಉಬ್ಬರವಿಳಿತವನ್ನು ಅಳೆಯುವ ಪ್ರಯತ್ನ 19ನೇ ಶತಮಾನದ ಅನ್ವೇಷಕರಿಂದಲೇ ಆರಂಭವಾಯಿತು. ಮಂಜಿನಲ್ಲಿ ಸಿಕ್ಕಿ ಚಳಿಗಾಲ ಕಳೆಯುತ್ತಿದ್ದ ಹಡಗಿನ ಪಕ್ಕದಲ್ಲಿ ರಂಧ್ರ ಕೊರೆದು, ತಳಕ್ಕೆ ಭಾರ ಬಿಟ್ಟ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಮಂಜುಗಡ್ಡೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಹಗಲಿರುಳು ಗುರುತು ಹಾಕಿಕೊಳ್ಳಲಾಗುತ್ತಿತ್ತು. 1875-76ರಲ್ಲಿ ಜಾರ್ಜ್ ನೇರ್ಸ್ ನೇತೃತ್ವದ ಬ್ರಿಟಿಷ್ ಯಾತ್ರೆ ಇಂಥ ಅಳತೆಗಳನ್ನು ಕೈಗೊಂಡಿತು. ಆ ಯಾತ್ರೆಯ 'ಅಲರ್ಟ್' ಹಡಗಿನ ಹೆಸರೇ ಇಂದಿನ ಅಲರ್ಟ್ ನೆಲೆಗೆ ಬಂದಿದೆ.

ಈ ಅಂಕಿಗಳಿಂದ ಕಾಣದ ಭೂಗೋಳವನ್ನು ಊಹಿಸಬಹುದು ಎಂಬ ನಂಬಿಕೆ ಆಗ ಇತ್ತು. ಅದು ನಿರಾಧಾರವೂ ಆಗಿರಲಿಲ್ಲ. 1871-73ರ ಅಮೆರಿಕದ 'ಪೊಲಾರಿಸ್' ಯಾತ್ರೆಯ ವಿಜ್ಞಾನಿ ಎಮಿಲ್ ಬೆಸೆಲ್ಸ್, ಗ್ರೀನ್‌ಲ್ಯಾಂಡಿನ ಪಶ್ಚಿಮದ ಜಲಸಂಧಿಯಲ್ಲಿ ಉತ್ತರದಿಂದ ಬಂದ ಉಬ್ಬರವೂ ದಕ್ಷಿಣದಿಂದ ಬಂದ ಉಬ್ಬರವೂ ಸಂಧಿಸುವುದನ್ನು ಗಮನಿಸಿ ಗ್ರೀನ್‌ಲ್ಯಾಂಡ್ ಒಂದು ದ್ವೀಪ ಎಂದು ತರ್ಕಿಸಿದರು. ಆ ತರ್ಕ ನಿಜವಾಯಿತು.

ಮುಂದಿನ ತರ್ಕ ಅಷ್ಟು ಅದೃಷ್ಟಶಾಲಿಯಾಗಿರಲಿಲ್ಲ. ಅಮೆರಿಕದ ಕರಾವಳಿ ಮತ್ತು ಭೂಮಾಪನ ಇಲಾಖೆಯಲ್ಲಿದ್ದ ಗಣಿತಜ್ಞ ರೋಲಿನ್ ಹ್ಯಾರಿಸ್ 1904ರಲ್ಲಿ ಮತ್ತು ವಿಸ್ತಾರವಾಗಿ 1911ರಲ್ಲಿ ಒಂದು ವಾದ ಮುಂದಿಟ್ಟರು. ಅಟ್ಲಾಂಟಿಕ್‌ನಿಂದ ಹೊರಟ ಉಬ್ಬರದ ಅಲೆ ತೆರೆದ ಸಾಗರವನ್ನು ನೇರವಾಗಿ ದಾಟುವುದಾದರೆ ಅಲಾಸ್ಕದ ತೀರದಲ್ಲಿ ಅದು ಇಷ್ಟು ಸಣ್ಣದಾಗಿರಲು, ಇಷ್ಟು ತಡವಾಗಿ ಬರಲು ಸಾಧ್ಯವಿಲ್ಲ. ಆದ್ದರಿಂದ ನಡುವೆ ಒಂದು ದೊಡ್ಡ ಭೂಭಾಗ ಅಡ್ಡ ನಿಂತಿರಲೇಬೇಕು ಎಂಬುದು ಅವರ ತೀರ್ಮಾನ. ನಕ್ಷೆಯ ಖಾಲಿ ಜಾಗದಲ್ಲಿ ಆ ನೆಲದ ಗಡಿಯನ್ನೂ ಅವರು ಎಳೆದು ತೋರಿಸಿದರು. ರಾಬರ್ಟ್ ಪಿಯರಿ 1906ರಲ್ಲಿ ದೂರದಿಂದ ಕಂಡೆನೆಂದು ಹೇಳಿದ್ದ 'ಕ್ರೋಕರ್ ಲ್ಯಾಂಡ್' ಈ ವಾದಕ್ಕೆ ಬಲ ನೀಡಿದಂತೆ ತೋರಿತು. ಅದನ್ನು ಹುಡುಕಿ ಹೊರಟ ಡೊನಾಲ್ಡ್ ಮ್ಯಾಕ್‌ಮಿಲನ್ ತಂಡಕ್ಕೆ 1914ರಲ್ಲಿ ಸಿಕ್ಕಿದ್ದು ಬರೀ ಮರೀಚಿಕೆ.

ಗಣಿತ ತಪ್ಪಿರಲಿಲ್ಲ, ಅಳತೆಗಳು ತೀರಾ ಕಡಿಮೆ ಇದ್ದವು. ದಡದ ಬೆರಳೆಣಿಕೆಯ ಕೇಂದ್ರಗಳನ್ನು ಬಿಟ್ಟರೆ ಸಾಗರದ ಒಳಭಾಗದಿಂದ ಒಂದು ಅಂಕಿಯೂ ಇರಲಿಲ್ಲ. ನಾರ್ವೆಯ ಹೆರಾಲ್ಡ್ ಸ್ವೆರ್‌ಡ್ರುಪ್ 1922ರಿಂದ 1925ರವರೆಗೆ 'ಮೌಡ್' ಹಡಗಿನಲ್ಲಿ ಸೈಬೀರಿಯದ ಉತ್ತರದ ಮಂಜಿನ ನಡುವೆ ಇದ್ದು ಉಬ್ಬರದ ಪ್ರವಾಹಗಳನ್ನು ಅಳೆದರು. ಅಲ್ಲಿನ ಕಡಲತಳ ನೂರಾರು ಕಿಲೋಮೀಟರ್ ಅಗಲಕ್ಕೆ ಆಳವಿಲ್ಲದೆ ಹರಡಿಕೊಂಡಿದೆ. ಆ ತಟ್ಟೆಯಂಥ ತಳದ ಮೇಲೆ ಘರ್ಷಣೆ ಮತ್ತು ಭೂಮಿಯ ಪರಿಭ್ರಮಣೆ ಸೇರಿ ಅಲೆಯನ್ನು ತಗ್ಗಿಸುತ್ತವೆ, ಅದಕ್ಕೆ ಯಾವ ಭೂಖಂಡವೂ ಬೇಕಿಲ್ಲ ಎಂದು ಅವರು ತೋರಿಸಿದರು. 1926ರ ಮೇ ತಿಂಗಳಲ್ಲಿ ಅಮುಂಡ್ಸೆನ್, ಎಲ್ಸ್‌ವರ್ತ್ ಮತ್ತು ನೊಬಿಲೆ ಅವರಿದ್ದ 'ನೊರ್ಗೆ' ವಾಯುನೌಕೆ ಸ್ವಾಲ್ಬಾರ್ಡಿನ ನ್ಯೂ-ಓಲೆಸುಂಡ್‌ನಿಂದ ಹೊರಟು ಧ್ರುವವನ್ನು ದಾಟಿ ಅಲಾಸ್ಕ ಸೇರಿತು. ಅವರ ಹಾದಿಯಲ್ಲಿ ನೆಲ ಕಾಣಲಿಲ್ಲ.

ಭಾರದಿಂದ ಎತ್ತರ

ಸಾಗರದ ಒಳಗಿನಿಂದಲೇ ಅಂಕಿ ತರುವ ಕೆಲಸವನ್ನು ಇಂದು ಮಾಡುತ್ತಿರುವುದು ಒತ್ತಡಮಾಪಕ. ಅದರ ತತ್ವ ಸರಳ. ನೀರೊಳಗೆ ಪ್ರತಿ 1 ಮೀಟರ್ ಇಳಿದಂತೆ ಒತ್ತಡವು ವಾಯುಮಂಡಲದ ಸಾಮಾನ್ಯ ಒತ್ತಡದ ಸುಮಾರು ಹತ್ತನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಹವಾಮಾನ ವರದಿಗಳಲ್ಲಿ ಬಳಸುವ ಮಿಲಿಬಾರ್ ಲೆಕ್ಕದಲ್ಲಿ ಹೇಳುವುದಾದರೆ, ನೀರಿನ ಮಟ್ಟ 1 ಸೆಂಟಿಮೀಟರ್ ಏರಿದರೆ ತಳದ ಒತ್ತಡ ಸುಮಾರು 1 ಮಿಲಿಬಾರ್ ಏರುತ್ತದೆ.

ನಿಖರ ಮಾಪಕಗಳಲ್ಲಿ ಈ ಒತ್ತಡವನ್ನು ಗ್ರಹಿಸುವುದು ಸ್ಫಟಿಕ ಶಿಲೆಯ, ಅಂದರೆ ಕ್ವಾರ್ಟ್ಜ್‌ನ, ಒಂದು ಸಣ್ಣ ತುಣುಕು. ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸುವ ಈ ತುಣುಕಿನ ಮೇಲೆ ಭಾರ ಬಿದ್ದಾಗ ಕಂಪನದ ವೇಗ ಬದಲಾಗುತ್ತದೆ. ತಂತಿಯನ್ನು ಬಿಗಿದಾಗ ವೀಣೆಯ ಸ್ವರ ಏರುವಂತೆಯೇ ಇದು. ಕಂಪನಗಳನ್ನು ಎಣಿಸಿದರೆ ಭಾರ ತಿಳಿಯುತ್ತದೆ. ನಾಲ್ಕೈದು ಸಾವಿರ ಮೀಟರ್ ಆಳದಲ್ಲಿದ್ದರೂ ಮೇಲಿನ ನೀರಿನ ಮಟ್ಟ ಮಿಲಿಮೀಟರ್‌ಗಳಷ್ಟು ಬದಲಾದುದನ್ನು ಗುರುತಿಸುವ ಸೂಕ್ಷ್ಮತೆ ಇಂಥ ಮಾಪಕಗಳಿಗಿದೆ.

ಮೇಲೆ ಮಂಜುಗಡ್ಡೆ ಇದ್ದರೆ ಲೆಕ್ಕ ಕೆಡುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ಆರ್ಕಿಮಿಡೀಸನ ಸೂತ್ರದಲ್ಲಿದೆ. ತೇಲುವ ಮಂಜುಗಡ್ಡೆಯ ತೂಕ ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ಸಮ. ಎರಡು ಮೀಟರ್ ದಪ್ಪದ ಮಂಜು ತೇಲುತ್ತಿದ್ದರೂ ತಳದ ಮಾಪಕಕ್ಕೆ ಆ ಜಾಗದಲ್ಲಿ ನೀರೇ ಇದ್ದಂತೆ. ಮೇಲಿನಿಂದ ನೋಡುವ ಉಪಕರಣಗಳಿಗೆ ದೊಡ್ಡ ಅಡ್ಡಿಯಾದ ಮಂಜು, ಕೆಳಗಿನಿಂದ ತೂಗುವ ಉಪಕರಣಕ್ಕೆ ಅಡ್ಡಿಯೇ ಅಲ್ಲ.

ಗಾಳಿಯ ಭಾರ ಮಾತ್ರ ಗಮನಿಸಬೇಕಾದ ಸಂಗತಿ. ತಳದ ಮಾಪಕ ನೀರಿನ ಭಾರದೊಂದಿಗೆ ಅದರ ಮೇಲಿನ ಗಾಳಿಯ ಭಾರವನ್ನೂ ಸೇರಿಸಿ ತೋರಿಸುತ್ತದೆ. ವಾಯುಭಾರ 1 ಮಿಲಿಬಾರ್ ಏರಿದರೆ ಸಾಗರದ ಮಟ್ಟ ಸುಮಾರು 1 ಸೆಂಟಿಮೀಟರ್ ತಗ್ಗುವುದರಿಂದ ತಳದಲ್ಲಿ ಎರಡೂ ಬಹುಮಟ್ಟಿಗೆ ಸರಿದೂಗಿ ಹೋಗುತ್ತವೆ. ಹೀಗಾಗಿ ನೀರಿನ ನಿಜವಾದ ಮಟ್ಟ ಬೇಕಾದರೆ ಹತ್ತಿರದ ಹವಾಮಾನ ಕೇಂದ್ರದ ವಾಯುಭಾರದ ದಾಖಲೆಯನ್ನು ಕಳೆಯಬೇಕು. ಆರ್ಕ್ಟಿಕ್‌ನಲ್ಲಿ 'ಹತ್ತಿರದ' ಕೇಂದ್ರ ನೂರಾರು ಕಿಲೋಮೀಟರ್ ದೂರವಿರಬಹುದು.

ಇಳಿಸುವುದು ಸುಲಭ, ಮರಳಿ ಪಡೆಯುವುದು ಕಷ್ಟ

ಆಳವಿಲ್ಲದ ಕೊಲ್ಲಿಗಳಲ್ಲಿ ಭಾರವಾದ ಲಂಗರಿಗೆ ಕಟ್ಟಿದ ಮಾಪಕವನ್ನು ಬೇಸಿಗೆಯಲ್ಲಿ ದೋಣಿಯಿಂದ ಅಥವಾ ಚಳಿಗಾಲದ ಕೊನೆಯಲ್ಲಿ ಮಂಜಿನ ರಂಧ್ರದ ಮೂಲಕ ಇಳಿಸಲಾಗುತ್ತದೆ. ಆಳದ ನೀರಿನಲ್ಲಿ ಮಾಪಕದ ಜೊತೆ ತೇಲುಗೋಳಗಳನ್ನೂ ಶಬ್ದಸಂಕೇತಕ್ಕೆ ಬಿಚ್ಚಿಕೊಳ್ಳುವ ಕೊಂಡಿಯನ್ನೂ ಜೋಡಿಸುತ್ತಾರೆ. ಒಂದು ವರ್ಷದ ನಂತರ ಬಂದ ಹಡಗು ನೀರೊಳಗೆ ನಿರ್ದಿಷ್ಟ ಶಬ್ದ ಕಳುಹಿಸಿದಾಗ ಕೊಂಡಿ ಕಳಚಿ, ಲಂಗರು ಕೆಳಗೇ ಉಳಿದು, ಮಾಪಕ ಮೇಲೆ ತೇಲಿ ಬರುತ್ತದೆ. ಆ ಹೊತ್ತಿಗೆ ಮೇಲೆ ಮಂಜು ಇದ್ದರೆ ಅದು ಮಂಜಿನ ತಳಕ್ಕೆ ಅಂಟಿಕೊಂಡು ಕಣ್ಣಿಗೆ ಬೀಳದೆ ಹೋಗಬಹುದು. ಕೊಂಡಿ ಕಳಚದೇ ಇರಬಹುದು. ಮಾಪಕ ಸಿಗದಿದ್ದರೆ ವರ್ಷದ ದಾಖಲೆಯೂ ಸಿಗುವುದಿಲ್ಲ.

ಮಾಪಕದ ದೊಡ್ಡ ಶತ್ರು ಚಲಿಸುವ ಮಂಜು. ಒತ್ತಿ ಏರಿದ ಮಂಜಿನ ಸಾಲುಗಳ ಮತ್ತು ತೇಲುವ ಹಿಮಬಂಡೆಗಳ ಕೆಳಭಾಗ ಹತ್ತಾರು ಮೀಟರ್ ಆಳದವರೆಗೂ ಇಳಿದು, ನೇಗಿಲು ನೆಲವನ್ನು ಸೀಳಿದಂತೆ ಕಡಲತಳವನ್ನು ಸೀಳುತ್ತಾ ಸಾಗುತ್ತದೆ. ಹಾದಿಯಲ್ಲಿ ಸಿಕ್ಕ ಉಪಕರಣ, ಕೇಬಲ್ ಯಾವುದೂ ಉಳಿಯುವುದಿಲ್ಲ. ಉಪ್ಪುನೀರಿನ ತಾಪಮಾನ ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವುದರಿಂದ ಬ್ಯಾಟರಿಯ ಶಕ್ತಿ ಕುಂದುತ್ತದೆ. ಒಳಗಿನ ಗಡಿಯಾರ ನಿಧಾನವಾಗಿ ತಪ್ಪುತ್ತದೆ. ಲಂಗರು ಕೆಸರಿನಲ್ಲಿ ಹೂತರೆ ನೀರಿನ ಮಟ್ಟ ಏರಿದಂತೆ ಅಂಕಿಗಳು ತೋರುತ್ತವೆ.

ಸಾಗರದ ನಡುಭಾಗದಲ್ಲಿ ಈ ಸಮಸ್ಯೆಗೆ ಬೇರೆ ದಾರಿ ಹುಡುಕಲಾಯಿತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ ಉತ್ತರ ಧ್ರುವದ ಸಮೀಪ 4,000 ಮೀಟರ್‌ಗೂ ಹೆಚ್ಚಿನ ಆಳದಲ್ಲಿ ಒತ್ತಡ ದಾಖಲೆಯಂತ್ರಗಳನ್ನು ಇಳಿಸಿತು. ಇವುಗಳನ್ನು ಮೇಲೆತ್ತಬೇಕಿರಲಿಲ್ಲ. ವಿಜ್ಞಾನಿಗಳು ಮಂಜಿನ ಮೇಲೆ ಬಂದಿಳಿದು, ರಂಧ್ರದ ಮೂಲಕ ಶಬ್ದತರಂಗದ ಮೋಡೆಮ್ ಇಳಿಬಿಟ್ಟು, ತಳದ ಯಂತ್ರದಿಂದ ಅಂಕಿಗಳನ್ನು ಪಡೆದುಕೊಂಡರು. ಹ್ಯಾರಿಸ್ ನೆಲವಿರಬೇಕೆಂದು ವಾದಿಸಿದ್ದ ಅದೇ ಸಾಗರದ ನಡುವಿನಿಂದ ಸತತ ದಾಖಲೆ ದೊರೆಯಿತು.

ಅಂಕಿಯಿಂದ ಕೋಷ್ಟಕಕ್ಕೆ

ಮಾಪಕ ತಂದ ಅಂಕಿಗಳು ಒಂದು ಗೋಜಲಾದ ಏರಿಳಿತದ ಗೆರೆ. ಅದರಲ್ಲಿ ಚಂದ್ರನ 12 ಗಂಟೆ 25 ನಿಮಿಷದ ಲಯ, ಸೂರ್ಯನ 12 ಗಂಟೆಯ ಲಯ, ದಿನಕ್ಕೊಮ್ಮೆ ಬರುವ ಲಯಗಳು, ಹದಿನೈದು ದಿನದ ಲಯ ಎಲ್ಲವೂ ಬೆರೆತಿರುತ್ತವೆ. ಪ್ರತಿಯೊಂದು ಲಯದ ಅವಧಿ ಖಗೋಳಶಾಸ್ತ್ರದಿಂದ ಮೊದಲೇ ಗೊತ್ತಿರುವುದರಿಂದ, ಆ ಸ್ಥಳದಲ್ಲಿ ಅದರ ಎತ್ತರ ಮತ್ತು ಹೊತ್ತು ಎಷ್ಟು ಎಂಬುದನ್ನು ಗಣಿತ ಬೇರ್ಪಡಿಸಿ ಕೊಡುತ್ತದೆ. ಮುಖ್ಯ ಲಯಗಳಿಗೆ ಒಂದು ತಿಂಗಳ ದಾಖಲೆ ಸಾಕು. ಹತ್ತಿರ ಹತ್ತಿರದ ಅವಧಿಯ ಲಯಗಳನ್ನು ಬಿಡಿಸಲು ಆರು ತಿಂಗಳಿಂದ ಒಂದು ವರ್ಷ ಬೇಕು. ಚಂದ್ರಕಕ್ಷೆಯ 18.6 ವರ್ಷಗಳ ಆವರ್ತವನ್ನು ನೇರವಾಗಿ ಕಾಣಲು ಒಂದು ತಲೆಮಾರಿನಷ್ಟು ಕಾಲ ಬೇಕು.

ಲಯಗಳನ್ನು ಕಳೆದ ಮೇಲೆ ಉಳಿಯುವುದು ಬಿರುಗಾಳಿಯ ಪಾಲು. ಟುಕ್ಟೊಯಾಕ್ಟುಕ್‌ನಂಥ ತಗ್ಗು ತೀರದ ಊರಿಗೆ ಇದೇ ಮುಖ್ಯ. ಅಲ್ಲಿ ಉಬ್ಬರ ಅರ್ಧ ಮೀಟರ್ ಆದರೂ ಬಿರುಗಾಳಿ ತಳ್ಳಿದ ನೀರು 2 ಮೀಟರ್ ಮೀರಿ ಏರಿದ ಉದಾಹರಣೆಗಳಿವೆ. ತೀರದ ಕೊರೆತದಿಂದ ಆ ಊರಿನ ಮನೆಗಳನ್ನು ಸ್ಥಳಾಂತರಿಸಬೇಕಾಗಿ ಬಂದಿದೆ.

ನೌಕಾನಕ್ಷೆಗಳಿಗೂ ಈ ದಾಖಲೆಯೇ ಅಡಿಪಾಯ. ನಕ್ಷೆಯಲ್ಲಿ ಮುದ್ರಿಸುವ ಆಳ ಸಾಮಾನ್ಯವಾಗಿ ಅತಿ ದೊಡ್ಡ ಇಳಿತದ ಹೊತ್ತಿನ ಆಳ. ಸಮೀಕ್ಷಾ ನೌಕೆ ಆಳ ಅಳೆದ ಕ್ಷಣದಲ್ಲಿ ಉಬ್ಬರ ಎಷ್ಟಿತ್ತು ಎಂಬುದು ತಿಳಿಯದಿದ್ದರೆ ಆ ಆಳಕ್ಕೆ ಅರ್ಥವಿಲ್ಲ. ಕೆನಡಾದ ಆರ್ಕ್ಟಿಕ್ ನೀರಿನಲ್ಲಿ 2020ರ ದಶಕದ ಆರಂಭದವರೆಗೆ ಆಧುನಿಕ ಮಾನದಂಡಕ್ಕೆ ಅನುಗುಣವಾಗಿ ಸಮೀಕ್ಷೆಯಾಗಿದ್ದುದು ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಇತ್ತ, ಗಂಟೆಗೆ 8 ನಾಟಿಕಲ್ ಮೈಲಿ ವೇಗದವರೆಗೆ ಉಬ್ಬರದ ಪ್ರವಾಹ ಹರಿಯುವ ಬೆಲ್ಲೊಟ್ ಜಲಸಂಧಿಯಂಥ ಇಕ್ಕಟ್ಟುಗಳನ್ನು ಹಾದು ಹೋಗುವ ಹಡಗುಗಳಿಗೆ ಕೆಲವು ನಿಮಿಷಗಳ ವ್ಯತ್ಯಾಸವೂ ದುಬಾರಿಯಾಗಬಲ್ಲದು.

ಉಪಗ್ರಹಗಳಿದ್ದೂ ತಪ್ಪದ ಕೆಲಸ

ಸಾಗರದ ಮಟ್ಟವನ್ನು ಅಳೆಯಲು 1992ರಿಂದ 'ಟೋಪೆಕ್ಸ್/ಪೊಸೈಡನ್' ಮತ್ತು ಅದರ ಉತ್ತರಾಧಿಕಾರಿ ಉಪಗ್ರಹಗಳು ಸುತ್ತುತ್ತಿವೆ. ಆದರೆ ಅವುಗಳ ಕಕ್ಷೆ 66 ಡಿಗ್ರಿ ಅಕ್ಷಾಂಶದಾಚೆಗೆ ಹೋಗುವುದಿಲ್ಲ. ಆರ್ಕ್ಟಿಕ್‌ನ ಬಹುಭಾಗ ಹೊರಗೇ ಉಳಿಯುತ್ತದೆ. 2010ರಲ್ಲಿ ಹಾರಿದ ಯುರೋಪಿನ 'ಕ್ರಯೋಸ್ಯಾಟ್-2' 88 ಡಿಗ್ರಿಯವರೆಗೆ ತಲುಪಿದರೂ ಅದು ಒಂದೇ ಬಿಂದುವಿನ ಮೇಲೆ ಮತ್ತೆ ಬರಲು ವರ್ಷಕ್ಕೂ ಹೆಚ್ಚು ಕಾಲ ಬೇಕು. ಮಂಜಿನ ಬಿರುಕುಗಳ ನಡುವೆ ಕಾಣುವ ನೀರನ್ನೇ ಅದು ಹುಡುಕಬೇಕು. ದಿನಕ್ಕೆ ಎರಡು ಬಾರಿ ಏರಿಳಿಯುವ ನೀರನ್ನು ಹಿಡಿಯಲು ಕೆಲವು ನಿಮಿಷಗಳಿಗೊಮ್ಮೆ ಒಂದೇ ಕಡೆ ಅಳೆಯುವ ಮಾಪಕವೇ ಬೇಕಾಗುತ್ತದೆ.

ಲಾರಿ ಪ್ಯಾಡ್‌ಮನ್ ಮತ್ತು ಸ್ವೆತ್ಲಾನಾ ಎರೊಫೀವಾ 2004ರಲ್ಲಿ ಪ್ರಕಟಿಸಿದ ಆರ್ಕ್ಟಿಕ್ ಉಬ್ಬರದ ಗಣಿತ ಮಾದರಿ ಇಂದಿಗೂ ವ್ಯಾಪಕವಾಗಿ ಉಲ್ಲೇಖವಾಗುತ್ತದೆ. ದಶಕಗಳಿಂದ ಸಂಗ್ರಹವಾದ ಮಾಪಕ ದಾಖಲೆಗಳು ಅದರ ಮುಖ್ಯ ಆಧಾರಗಳಲ್ಲಿ ಸೇರಿವೆ. ಸಾಗರದ ನೀರಿನ ರಾಶಿ ಎಲ್ಲಿಂದ ಎಲ್ಲಿಗೆ ಸರಿಯುತ್ತಿದೆ ಎಂಬುದನ್ನು ಗುರುತ್ವದ ಮೂಲಕ ಅಳೆದ 'ಗ್ರೇಸ್' ಉಪಗ್ರಹಗಳ ಅಂಕಿಗಳನ್ನು ತಾಳೆ ನೋಡಲೂ ಧ್ರುವದ ಬಳಿಯ ತಳಮಾಪಕಗಳು ನೆರವಾದವು.

ಮಂಜು ಕರಗಿದಂತೆ ಬದಲಾಗುವ ಉಬ್ಬರ

ಒಮ್ಮೆ ಅಳೆದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಹಡ್ಸನ್ ಕೊಲ್ಲಿಯ ಪಶ್ಚಿಮ ತೀರದ ಚರ್ಚಿಲ್‌ನ ದೀರ್ಘ ದಾಖಲೆಗಳನ್ನು ಪರಿಶೀಲಿಸಿದಾಗ, ಚಳಿಗಾಲದಲ್ಲಿ ಉಬ್ಬರದ ಎತ್ತರ ಕುಗ್ಗುವುದೂ ಅದು ಬೇಸಿಗೆಗಿಂತ ತುಸು ಮುಂಚಿತವಾಗಿ ಬರುವುದೂ ಕಂಡುಬಂದಿತು. ಮಂಜುಗಡ್ಡೆಯ ಹಾಸಿಗೆ ಉಜ್ಜಿ ಸಾಗುವ ನೀರು ಶಕ್ತಿ ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಕೆನಡಾದ ದ್ವೀಪಸಮೂಹದ ಕೇಂಬ್ರಿಜ್ ಬೇ ಸುತ್ತಲಿನ ನೀರಿನಲ್ಲೂ ಚಳಿಗಾಲದ ಕುಗ್ಗುವಿಕೆ ದಾಖಲಾಗಿದೆ. ಅಲ್ಲಿ 2012ರಿಂದ ನೀರೊಳಗಿನ ವೀಕ್ಷಣಾಲಯವೊಂದು ಕೇಬಲ್ ಮೂಲಕ ದಡಕ್ಕೆ ಮಾಹಿತಿ ಕಳುಹಿಸುತ್ತಿದೆ.

ಇದರ ಅರ್ಥ ಸ್ಪಷ್ಟ. ಆರ್ಕ್ಟಿಕ್‌ನ ಮಂಜು ತಡವಾಗಿ ಕಟ್ಟಿ ಬೇಗ ಕರಗುತ್ತಿರುವಾಗ, ಮಂಜು ದಟ್ಟವಾಗಿದ್ದ ಕಾಲದ ಅಳತೆಗಳಿಂದ ತಯಾರಾದ ಕೋಷ್ಟಕಗಳು ಎಲ್ಲ ತಿಂಗಳಿಗೂ ಹೊಂದಿಕೊಳ್ಳಲಾರವು. ಹಡಗುಗಳ ಓಡಾಟ ಹೆಚ್ಚುತ್ತಿರುವುದೂ ಮಂಜು ಸರಿದ ಆ ತಿಂಗಳುಗಳಲ್ಲೇ.

ಭಾರತದ ನಂಟು

'ನೊರ್ಗೆ' ವಾಯುನೌಕೆ ಹೊರಟ ನ್ಯೂ-ಓಲೆಸುಂಡ್‌ನಲ್ಲೇ 2008ರ ಜುಲೈ 1ರಂದು ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರ ಆರಂಭವಾಯಿತು. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ಅಲ್ಲಿನ ನೀರು ಹೆಚ್ಚು ಕಾಲ ತೆರೆದಿರುತ್ತದೆ. ಹೀಗಾಗಿ 1976ರಿಂದಲೂ ನಾರ್ವೆ ಅಲ್ಲಿ ಉಬ್ಬರಮಾಪಕ ಕೇಂದ್ರ ನಡೆಸಲು ಸಾಧ್ಯವಾಗಿದೆ. 2014ರ ಜುಲೈನಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ತು ಗೋವಾದ ಧ್ರುವ ಸಂಶೋಧನಾ ಕೇಂದ್ರಗಳು ಜೊತೆಗೂಡಿ ಅಲ್ಲಿನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ 192 ಮೀಟರ್ ಆಳದಲ್ಲಿ 'ಇಂಡ್‌ಆರ್ಕ್' ಎಂಬ ಲಂಗರು ಹಾಕಿದ ವೀಕ್ಷಣಾಲಯವನ್ನು ಇಳಿಸಿದವು. ಆರ್ಕ್ಟಿಕ್‌ನಲ್ಲಿ ಭಾರತದ ಇಂಥ ಮೊದಲ ಪ್ರಯತ್ನವಾದ ಅದರ ಗುರಿ ನೀರಿನ ತಾಪ, ಲವಣಾಂಶ ಮತ್ತು ಪ್ರವಾಹಗಳ ಸತತ ದಾಖಲೆ.

ಸಾಗರತಳದ ಒತ್ತಡಮಾಪಕ ಭಾರತಕ್ಕೆ ಅಪರಿಚಿತವೂ ಅಲ್ಲ. 2004ರ ಡಿಸೆಂಬರ್‌ನ ಸುನಾಮಿಯ ನಂತರ ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಆಳದಲ್ಲಿ ಇದೇ ತತ್ವದ ಯಂತ್ರಗಳನ್ನು ಇರಿಸಲಾಯಿತು. 2007ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರಕ್ಕೆ ಅವು ಸುಳಿವು ನೀಡುತ್ತವೆ. ಅಲ್ಲಿ ಮೇಲೆ ತೇಲುವ ಬುರುಡೆ ಉಪಗ್ರಹದ ಮೂಲಕ ಕ್ಷಣದಲ್ಲಿ ಸುದ್ದಿ ಕಳುಹಿಸುತ್ತದೆ. ಆರ್ಕ್ಟಿಕ್‌ನಲ್ಲಿ ಬುರುಡೆ ತೇಲಿಬಿಡಲು ಮಂಜು ಬಿಡುವುದಿಲ್ಲ. ಅಲ್ಲಿನ ಬಹುತೇಕ ಮಾಪಕಗಳು ವರ್ಷವಿಡೀ ತಳದಲ್ಲಿ ಕುಳಿತು, ಮುಂದಿನ ಬೇಸಿಗೆಯ ಹಡಗಿಗಾಗಿ ತಮ್ಮ ಲೆಕ್ಕವನ್ನು ಕೂಡಿಟ್ಟುಕೊಂಡಿರುತ್ತವೆ. ಆ ಲೆಕ್ಕ ಮೇಲೆ ಬಂದ ಮೇಲಷ್ಟೇ ನಕ್ಷೆಯ ಒಂದು ಖಾಲಿ ಜಾಗ ತುಂಬುತ್ತದೆ.